ಎರಡು ಮೀಟರ್ ಮೂವತ್ತು

ತಾರೀಖು ೧೪, ಬುಧವಾರ, ಬೆಳಿಗ್ಗೆ ೭-೧೦
ನೀರಿನ ಮಟ್ಟ ೨.೧೪ ಮೀ. ಹರಿವು ಶಾಂತ. ಅರ್ಧ ಮೋಡ.

ಓಡುವ ಸಾಲಿನ ಯಜಮಾನರಿಗೆ,

ರೀ ಅಂತ ಶುರು ಮಾಡೋಣ ಅಂದುಕೊಂಡೇ ಪೆನ್ನು ಹಿಡಿದೆ. ಆರು ವರ್ಷದಿಂದ ಬಾಯಿಗೆ ಬಾರದ ಅಕ್ಷರ ಕೈಗೂ ಬರಲಿಲ್ಲ. ಅದಕ್ಕೆ ನಿಮ್ಮ ಕೆಲಸದ ಹೆಸರಿಂದಲೇ ಕರೆದಿದ್ದೇನೆ. ಟಿವಿ ತೆರೆಯ ಕೆಳಗೆ ಓಡುವ ಆ ಒಂದು ಸಾಲನ್ನು ಇಪ್ಪತ್ತು ವರ್ಷದಿಂದ ಬರೆಯುತ್ತಾ ಬಂದವರನ್ನು ಇನ್ನೇನಂತ ಕರೆಯಲಿ ಹೇಳಿ. ಮೇಲೆ ನೀರಿನ ಮಟ್ಟ ಬರೆದಿರುವುದನ್ನು ನೋಡಿ ನಗಬೇಡಿ. ತಾರೀಖು ಹಾಕಿದ ಕೈ ತಾನಾಗಿಯೇ ಮಟ್ಟವನ್ನೂ ಹಾಕುತ್ತದೆ. ಮದುವೆಗೆ ಮುಂಚೆ ನಿಮಗೆ ಬರೆದ ಮೊದಲ ಪತ್ರದಲ್ಲೂ ಹೀಗೇ ಹಾಕಿದ್ದೆ. ಅದೇನೋ ಪ್ರೇಮದ ಗುಟ್ಟಿನ ಲೆಕ್ಕ ಇರಬೇಕು ಅಂತ ನೀವು ವಾರವಿಡೀ ತಲೆ ಕೆಡಿಸಿಕೊಂಡಿರಿ.

ಮೊದಲು ಮನೆ ಸಮಾಚಾರ. ಮಗಳು ಚೆನ್ನಾಗಿದ್ದಾಳೆ, ಎದ್ದು ಓಡಾಡುತ್ತಿದ್ದಾಳೆ, ನನ್ನ ಮೇಲೆ ರೇಗುವಷ್ಟು ಶಕ್ತಿ ಬಂದಿದೆ. ಮೊಮ್ಮಗಳು ನಿನ್ನೆ ತೂಕದಲ್ಲಿ ಎರಡು ಕಿಲೋ ಆರುನೂರ ಹತ್ತು ಗ್ರಾಂ. ಹುಟ್ಟಿದಾಗ ನರ್ಸಮ್ಮ ಎರಡು ಕಿಲೋ ಸುಮಾರು ಅಂತ ಬರೆದಿದ್ದರು. ಸುಮಾರು ಅನ್ನುವ ಮಾತು ನನಗೆ ಆಗಿಬರುವುದಿಲ್ಲ ಅಂತ ನಿಮಗೆ ಗೊತ್ತು. ಮತ್ತೆ ತೂಗಿಸಿದೆ. ಎರಡು ಕಿಲೋ ನಲವತ್ತು ಗ್ರಾಂ. ಆ ನಲವತ್ತು ಗ್ರಾಂ ನಮ್ಮ ಮಗು ಕಷ್ಟಪಟ್ಟು ಗಳಿಸಿದ್ದು, ಅದನ್ನು ಬರೆಯದೆ ಬಿಡಲು ಅವರು ಯಾರು ಅಂತ ಕೇಳಿದೆ. ನರ್ಸಮ್ಮ ಮಗಳ ಮುಖ ನೋಡಿದರು. ಮಗಳು ಕಣ್ಣು ಮುಚ್ಚಿಕೊಂಡಳು.

ನೀವು ತಂದ ಹಳದಿ ಟೋಪಿ ತಲೆಗೆ ಇನ್ನೂ ದೊಡ್ಡದು, ಕಣ್ಣಿನ ಮೇಲೆ ಇಳಿಯುತ್ತದೆ. ನಾನು ಹೊರಟ ಮೇಲೆ ನೀವು ಬರುವುದು, ನೀವು ಬರುವ ಹೊತ್ತಿಗೆ ನಾನು ಹೊರಡುವುದು, ಈ ಕಣ್ಣಾಮುಚ್ಚಾಲೆಯನ್ನು ಐದು ವಾರದಿಂದ ಇಡೀ ವಾರ್ಡೇ ನೋಡಿ ನಗುತ್ತಿತ್ತು. ಇನ್ನು ಸಾಕು ಅನ್ನಿಸಿ ಈ ಪತ್ರ. ಆ ಮಂಗಳವಾರ ನನ್ನ ಕಡೆಯಿಂದ ಏನೇನಾಯಿತು ಅನ್ನುವುದು ನಿಮಗೆ ಪೂರ್ತಿ ಗೊತ್ತಿಲ್ಲ. ನಿಮ್ಮ ಕಡೆಯದನ್ನು ಮಗಳು ನನಗೆ ಹೇಳಿದ್ದಾಳೆ.

ಶುರುವಿನಿಂದಲೇ ಹೇಳುತ್ತೇನೆ. ಏಳು ತಿಂಗಳ ಹಿಂದೆ ಸೇತುವೆಯ ಹೊಟ್ಟೆಗೆ ಒಂದು ಬಿಳಿ ಪೆಟ್ಟಿಗೆ ಅಂಟಿಸಿದರು. ಅದಕ್ಕೆ ಮೂರು ಪದದ ಘನವಾದ ಹೆಸರಿದೆ. ನಾನು ಪೆಟ್ಟಿಗೆರಾಯ ಅಂತ ಕರೆಯುತ್ತೇನೆ. ಪೆಟ್ಟಿಗೆರಾಯ ಮಾಡುವುದು ಇಷ್ಟು: ಕಣ್ಣಿಗೆ ಕಾಣದ ಕಿರಣವನ್ನು ಕೆಳಗೆ ಬಿಡುತ್ತಾನೆ, ಅದು ಮೊದಲು ಸಿಕ್ಕಿದ್ದಕ್ಕೆ ಬಡಿದು ವಾಪಸ್ ಬರುವ ಹೊತ್ತನ್ನು ಎಣಿಸುತ್ತಾನೆ, ಅದರಿಂದ ನೀರು ಎಷ್ಟು ಮೇಲಿದೆ ಅಂತ ಹೇಳುತ್ತಾನೆ. ಒಳ್ಳೆಯ ಕೆಲಸವೇ. ಆದರೆ ಅವನನ್ನು ತಂದ ಕಂಪನಿಯವನು, ಟೈ ಕಟ್ಟಿಕೊಂಡು ಬಂದವನು, ಉದ್ಘಾಟನೆಯ ದಿನ ಮೈಕಿನ ಮುಂದೆ ನಿಂತು ಇನ್ನು ಮುಂದೆ ಹೊಳೆಯ ಕಡೆ ಯಾರೂ ತಿರುಗಿಯೂ ನೋಡಬೇಕಾಗಿಲ್ಲ ಅಂದ. ಮನುಷ್ಯ ಸುಳ್ಳು ಹೇಳಬಹುದು, ಯಂತ್ರ ಹೇಳುವುದಿಲ್ಲ ಅಂದ. ನಾನು ಮೂರನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ. ಮೂವತ್ತೊಂದು ವರ್ಷ ದಿನಕ್ಕೆರಡು ಸಲ ಅರವತ್ತನಾಲ್ಕು ಮೆಟ್ಟಿಲು ಇಳಿದು, ಕಲ್ಲಿಗೆ ಕೂರಿಸಿದ ಅಳತೆಗಂಬ ಓದಿ, ಪುಸ್ತಕದಲ್ಲಿ ಬರೆದವಳು. ಸುತ್ತ ಇದ್ದವರು ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಎಲ್ಲರೂ ಹೊಡೆಯುವಾಗ ಕೈ ಕಟ್ಟಿ ಕೂತರೆ ಹೊಟ್ಟೆಕಿಚ್ಚು ಅನ್ನುತ್ತಾರೆ.

ನಿಮ್ಮ ಚಾನೆಲ್ ವಾರವಿಡೀ ನದಿಗೂ ಬಂತು ಬುದ್ಧಿ ಅಂತ ಕಾರ್ಯಕ್ರಮ ಮಾಡಿತು. ಕೆಳಗೆ ಓಡುವ ಸಾಲಿನಲ್ಲಿ ಇನ್ನು ಪ್ರವಾಹಕ್ಕೆ ಪ್ರವೇಶವಿಲ್ಲ ಅಂತ ಬಂತು. ಅದು ನಿಮ್ಮದೇ ಕೈ ಅಂತ ನೋಡಿದ ತಕ್ಷಣ ಗೊತ್ತಾಯಿತು. ಹೌದು, ನೋಡುತ್ತಿದ್ದೆ. ಆರು ವರ್ಷವೂ ನೋಡಿದ್ದೇನೆ, ಸದ್ದು ಬಂದ್ ಮಾಡಿ, ಕೆಳಗಿನ ಸಾಲನ್ನು ಮಾತ್ರ.

ನನಗೆ ಇನ್ನೂ ಎರಡು ವರ್ಷ ಸರ್ವೀಸ್ ಬಾಕಿ ಇರುವಾಗಲೇ ಹುದ್ದೆ ರದ್ದಾಯಿತು. ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದು ನಾಲ್ಕು ನಿಮಿಷ ಮುಂದೆ ಓಡುತ್ತದೆ. ಮೆಟ್ಟಿಲ ಗೇಟಿನ ಬೀಗದ ಕೈ ಹಿಂತಿರುಗಿಸಲು ಹೋದರೆ ಈ ಆಫೀಸಿನವರು ಆ ಆಫೀಸಿಗೆ ಕೊಡಿ ಅಂದರು, ಆ ಆಫೀಸಿನವರು ಈ ಆಫೀಸಿಗೆ ಅಂದರು. ಮೂರು ಸಲ ತಿರುಗಿ, ಬೀಗದ ಕೈಯನ್ನು ಚೀಲದಲ್ಲೇ ಇಟ್ಟುಕೊಂಡೆ. ಮರುದಿನ ಬೆಳಿಗ್ಗೆ ಕಾಲು ತಾನಾಗಿ ಅತ್ತ ನಡೆಯಿತು. ನನ್ನದೇ ಒಂದು ನೋಟ್‌ಪುಸ್ತಕ ಮಾಡಿಕೊಂಡೆ. ಯಾರೂ ಕೇಳದ ಅಂಕಿಯನ್ನು ದಿನಾ ಬರೆಯುವುದು ಹುಚ್ಚು ಅಂತ ಮಗಳು ಅಂದಳು. ಇರಬಹುದು. ಊರಿಗೆ ಬೇಡವಾದರೂ ಹೊಳೆ ಅಲ್ಲಿಯೇ ಇತ್ತಲ್ಲ.

ನಮ್ಮ ಜಗಳವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಪತ್ರಕ್ಕೆ ಬೆನ್ನೆಲುಬಿಲ್ಲ. ಆರು ವರ್ಷದ ಹಿಂದೆ ಆ ದೊಡ್ಡ ಮಳೆಯಲ್ಲಿ ನಾನು ಊಟಕ್ಕೆ ಬಂದು, ಅಪಾಯಕ್ಕೆ ಇನ್ನು ಅರ್ಧ ಮೀಟರ್ ಇದೆ, ಬೆಳಿಗ್ಗೆಯಿಂದ ಇಳಿಯುತ್ತಿದೆ ಅಂದೆ. ನೀವು ಅನ್ನ ಅರ್ಧಕ್ಕೆ ಬಿಟ್ಟು ಹೋದಿರಿ. ಸಂಜೆ ಸಾಲಿನಲ್ಲಿ ಬಂದದ್ದು, ಅಪಾಯಕ್ಕೆ ಇನ್ನು ಅರ್ಧವೇ ಮೀಟರ್. ಇಳಿಯುತ್ತಿದೆ ಅನ್ನುವ ಒಂದು ಪದ ಬಿಟ್ಟಿರಿ. ಕೆಳಗಿನ ಕೇರಿಯವರೆಲ್ಲ ಒಟ್ಟಿಗೆ ಓಡಿದರು. ಮೂಲೆಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದವನನ್ನು ಕೆಡವಿಕೊಂಡು ಓಡಿದರು. ಅವನ ಸೊಂಟ ಮುರಿಯಿತು, ಅವನು ಮತ್ತೆ ಆ ಮೂಲೆಯಲ್ಲಿ ಕೂರಲಿಲ್ಲ. ಒಂದು ಸಾಲು ತಿದ್ದುಪಡಿ ಹಾಕಿ ಅಂತ ನಾನು ಬೇಡಿಕೊಂಡೆ. ಓಡಿಹೋದ ಸಾಲನ್ನು ಯಾರು ನೆನಪಿಡುತ್ತಾರೆ ಅಂತ ನೀವು ನಕ್ಕಿರಿ. ಆ ನಗುವನ್ನು ನಾನು ನೆನಪಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮಮ್ಮ ಹೇಳುತ್ತಿದ್ದಳು. ಪೆಟ್ಟಿಗೆ ಕಟ್ಟಿಕೊಂಡು ಸೇತುವೆ ಪಕ್ಕದ ಈ ಎರಡು ಕೋಣೆಗೆ ಬಂದೆ.

ಈಗ ಆ ಮಂಗಳವಾರಕ್ಕೆ ಬರುತ್ತೇನೆ.

ಮಗಳಿಗೆ ಎಂಟನೇ ತಿಂಗಳು. ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿದೆ, ಎರಡು ಸಲ ರಕ್ತ ಹೋಗಿದೆ, ಹಾಸಿಗೆಯಿಂದ ಏಳಲೂ ಕೂಡದು ಅಂತ ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಹೊಳೆದಂಡೆಯ ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ. ಅಳಿಯ ರೈಲು ಓಡಿಸುವವನು, ಆ ದಿನ ಡ್ಯೂಟಿ ಮೇಲೆ ಎರಡು ಊರಾಚೆ ಇದ್ದ. ಎರಡು ದಿನದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ನಾನು ಬೆಳಿಗ್ಗೆ ಏಳಕ್ಕೆ ಮೆಟ್ಟಿಲಿಳಿದು ಓದಿದೆ, ಎರಡು ಮೀಟರ್ ಮೂವತ್ತು. ಬರೆದುಕೊಂಡು ಆಸ್ಪತ್ರೆಗೆ ಬಂದೆ. ಇಪ್ಪತ್ತು ನಿಮಿಷದ ದಾರಿ.

ಹನ್ನೊಂದೂಕಾಲಿಗೆ ವಾರ್ಡಿನಲ್ಲಿದ್ದ ಎಲ್ಲರ ಫೋನುಗಳೂ ಒಟ್ಟಿಗೆ ಕೂಗಿಕೊಂಡವು. ಎಂಥ ಕೂಗು ಅಂದರೆ ಎದುರು ಮಂಚದ ಬಾಣಂತಿಯ ಮಗು ಹಾಲು ಕುಡಿಯುವುದನ್ನೇ ಬಿಟ್ಟಿತು. ಆಮೇಲೆ ಊರಿನ ಸೈರನ್. ನೀರಿನ ಮಟ್ಟ ನಾಲ್ಕೂವರೆ ದಾಟಿದೆ, ಆರು ಅಪಾಯ, ಎಲ್ಲರೂ ಎತ್ತರಕ್ಕೆ ಹೋಗಿ. ಐದು ನಿಮಿಷಕ್ಕೆಲ್ಲ ಐದೂವರೆ. ಹಜಾರದ ದೊಡ್ಡ ಟಿವಿಯಲ್ಲಿ ನಿಮ್ಮ ಚಾನೆಲ್ಲು, ಕೆಂಪು ಅಕ್ಷರ, ಯಾವುದೋ ಕಾಲದ ಪ್ರವಾಹದ ಚಿತ್ರ, ತೇಲುವ ಮಂಚ, ಛಾವಣಿ ಮೇಲೆ ನಾಯಿ. ಕೆಳಗೆ ಸೇತುವೆ ಬಂದ್ ಅಂತ ಒಂದು ಸಾಲು, ಇನ್ನು ಎರಡೇ ಗಂಟೆ ಅಂತ ಇನ್ನೊಂದು. ಕಿಟಕಿಯಿಂದ ನೋಡಿದರೆ ಬೀದಿ ತುಂಬ ಜನ ಹೊಳೆಗೆ ಬೆನ್ನು ಹಾಕಿ ಓಡುತ್ತಿದ್ದಾರೆ. ಹೊಳೆಗೆ ಬೆನ್ನು ಹಾಕಿದವರಿಗೆ ಹೊಳೆ ಎಲ್ಲಿಂದ ಕಾಣಬೇಕು. ಹೊಳೆಗೂ ಆಸ್ಪತ್ರೆಯ ಕಿಟಕಿಗೂ ನಡುವೆ ಉಗ್ರಾಣದ ಗೋಡೆ ಅಡ್ಡ.

ಆಸ್ಪತ್ರೆ ಖಾಲಿ ಮಾಡಿ ಅಂತ ಮೇಲಿನಿಂದ ಆದೇಶ ಬಂತು. ಹತ್ತೊಂಬತ್ತು ಜನ ಏಳಲಾಗದ ರೋಗಿಗಳು, ಮೂರು ಗಂಟೆಯ ರಸ್ತೆ. ಪಟ್ಟಿಯಲ್ಲಿ ನಮ್ಮ ಮಗಳು ನಾಲ್ಕನೆಯವಳು. ಡಾಕ್ಟರಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ಮುಚ್ಚಿಡಲಿಲ್ಲ. ಆ ರಸ್ತೆಯ ಗುಂಡಿಗಳಲ್ಲಿ ಇವಳನ್ನು ಕುಲುಕಿಸಿಕೊಂಡು ಹೋದರೆ ರಕ್ತ ಶುರುವಾಗಬಹುದು, ಶುರುವಾದರೆ ಆಂಬುಲೆನ್ಸಿನಲ್ಲಿ ನಿಲ್ಲಿಸಲಾಗದು, ತಾಯಿ ಮಗು ಇಬ್ಬರಲ್ಲಿ ಯಾರ ಬಗ್ಗೆಯೂ ಮಾತು ಕೊಡಲಾರೆ ಅಂದರು. ಹಾಗಂತ ನೀರು ಬರುವಾಗ ಇಲ್ಲಿ ಬಿಡಲೂ ಆಗದು ಅಂದರು.

ಆಗ ಫೋನಿನಲ್ಲಿ ಪೆಟ್ಟಿಗೆರಾಯನ ಗೆರೆಚಿತ್ರ ತೆರೆದು ನೋಡಿದೆ. ನನಗೆ ಓದಲು ಬರುವುದು ಅದೊಂದೇ. ಎಂಟು ಗಂಟೆಯಿಂದ ಹನ್ನೊಂದರ ತನಕ ಗೆರೆ ಅರ್ಧ ಗಂಟೆ ಅಡ್ಡಕ್ಕೆ, ಆಮೇಲೆ ಒಂದು ಮೊಳ ಮೇಲಕ್ಕೆ, ಮತ್ತೆ ಅರ್ಧ ಗಂಟೆ ಅಡ್ಡಕ್ಕೆ, ಮತ್ತೆ ಒಂದು ಮೊಳ. ಹೊಳೆ ಏರುವುದು ಹಾಗಲ್ಲ. ಹೊಳೆ ಹಾಲು ಉಕ್ಕಿದ ಹಾಗೆ ಏರುತ್ತದೆ, ಮೆಟ್ಟಿಲು ಹತ್ತಿದ ಹಾಗೆ ಅಲ್ಲ. ಇದು ಯಾರೋ ಮನುಷ್ಯರು ಹತ್ತುತ್ತಿರುವ ಗೆರೆ ಅನ್ನಿಸಿತು. ಡಾಕ್ಟರಮ್ಮನಿಗೆ ಹೇಳಿದೆ. ಅವರು ನನ್ನ ಮಾತನ್ನು ತಳ್ಳಿಹಾಕಲಿಲ್ಲ, ಆದರೆ ಕೆಲಸ ಹೋದ ಒಬ್ಬ ಹೆಂಗಸಿನ ಮಾತು ಹಿಡಿದು ಆದೇಶ ಮುರಿಯಲಾರೆ ಅಂದರು. ಆಸ್ಪತ್ರೆಯ ಮುಖ್ಯಸ್ಥರೂ ಡ್ರೈವರುಗಳೂ ಎಲ್ಲ ಆ ಟಿವಿಯನ್ನೇ ನೋಡುತ್ತಿದ್ದಾರೆ, ಅದರಲ್ಲಿ ಬೇರೆ ಮಾತು ಬಂದರೆ ಅರ್ಧ ಗಂಟೆ ತಡೆದೇನು, ಹತ್ತು ನಿಮಿಷದಲ್ಲಿ ನಿಮ್ಮ ಮಗಳ ಸರದಿ ಅಂದರು. ಆಗ ಹನ್ನೆರಡು ಗಂಟೆ.

ಮಗಳ ಹತ್ತಿರ ಹೋದೆ. ಅಮ್ಮಾ, ನನಗೆ ಅಂಕಿ ಹೇಳಬೇಡ, ಹೋಗಬೇಕೋ ಇರಬೇಕೋ ಅಷ್ಟು ಹೇಳು ಅಂದಳು. ಇರು ಅಂದೆ. ಅವಳು ನನ್ನ ಕೈ ಬಿಟ್ಟಳು. ಆ ಬಿಟ್ಟ ಕೈಯ ಭಾರ ಮೂವತ್ತೊಂದು ವರ್ಷದ ಪುಸ್ತಕಗಳಷ್ಟಿತ್ತು.

ಮೆಟ್ಟಿಲಿಳಿಯುತ್ತಾ ಫೋನ್ ತೆಗೆದೆ. ನಿಮ್ಮ ನಂಬರನ್ನು ಆರು ವರ್ಷದ ಹಿಂದೆಯೇ ಅಳಿಸಿದ್ದೆ, ಬೆರಳು ಮರೆತಿರಲಿಲ್ಲ. ನೀವು ಹಲೋ ಕೂಡ ಅನ್ನಲಿಲ್ಲ, ಮಗಳಿಗೆ ಏನಾಯಿತು ಅಂತ ಕೇಳಿದಿರಿ. ಇನ್ನೂ ಏನೂ ಆಗಿಲ್ಲ, ನಿಮ್ಮ ಸಾಲು ಬದಲಾಗದಿದ್ದರೆ ಆಗುತ್ತದೆ ಅಂದೆ. ಎಲ್ಲಿದ್ದೀಯ ಅಂದಿರಿ. ಅಳತೆಗಂಬದ ಪಕ್ಕ ನಿಂತಿದ್ದೇನೆ, ಎರಡು ಮೀಟರ್ ಮೂವತ್ತು, ಹೊಳೆ ಇದ್ದಲ್ಲೇ ಇದೆ ಅಂದೆ. ಕಣ್ಣಾರೆ ನೋಡಿದೆಯಾ ಅಂತ ಕೇಳಿದಿರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂದೆ. ಅದೇನು ಗಾಲಿಗಳ ಸದ್ದು ಅಂತ ಕೇಳಿದಿರಿ. ಮೇಲೆ ಸೇತುವೆಯಲ್ಲಿ ಗಾಡಿಗಳು ಅಂದೆ. ನೀವು ಒಂದು ಕ್ಷಣ ಸುಮ್ಮನಾದಿರಿ. ಆಮೇಲೆ ಅಂಕಿಯನ್ನು ಇನ್ನೊಮ್ಮೆ ನಿಧಾನವಾಗಿ ಹೇಳು ಅಂದಿರಿ. ಹೇಳಿದೆ. ಫೋನ್ ಇಟ್ಟಿರಿ.

ಆಮೇಲೆ ಆಸ್ಪತ್ರೆಯಲ್ಲಿ ನಡೆದದ್ದನ್ನು ನಾನು ಕೇಳಿ ತಿಳಿದದ್ದು. ಹನ್ನೆರಡು ಎಂಟಕ್ಕೆ ಹಜಾರದ ಟಿವಿಯಲ್ಲಿ ಕೆಂಪು ಸಾಲು ನಿಂತಿತಂತೆ. ಬಿಳಿ ಅಕ್ಷರದಲ್ಲಿ, ಒಂದೂ ಉದ್ಗಾರ ಚಿಹ್ನೆ ಇಲ್ಲದೆ, ಹೊಸ ಸಾಲು ಬಂತಂತೆ. ಕಣ್ಣಿನಿಂದ ನೋಡಿ ಓದಿದ ಮಟ್ಟ ೨.೩೦ ಮೀಟರ್, ಅಪಾಯದ ಮಟ್ಟ ೬, ಹೊಳೆ ಇದ್ದಲ್ಲೇ ಇದೆ, ಓಡಬೇಡಿ. ಮೇಲೆ ವಾರ್ತೆಯವಳು ಪ್ರಳಯ ಅಂತ ಕಿರುಚುತ್ತಿದ್ದಾಳೆ, ಕೆಳಗೆ ನಿಮ್ಮ ಸಾಲು ಸಮಾಧಾನವಾಗಿ ಸುತ್ತುತ್ತಿದೆ. ಸ್ಟ್ರೆಚರ್ ತಳ್ಳುವವರು ನಿಂತರಂತೆ. ಡ್ರೈವರುಗಳು ಇಳಿದು ಬಂದು ಓದಿದರಂತೆ. ಮುಖ್ಯಸ್ಥರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿ, ಅರ್ಧ ಗಂಟೆ ತಡೆಯಿರಿ ಅಂದರಂತೆ. ನಮ್ಮ ಮಗಳನ್ನು ಮಂಚದಿಂದ ಎತ್ತಲು ಹಿಡಿದಿದ್ದ ನಾಲ್ಕು ಕೈಗಳು ಅವಳನ್ನು ಹಾಗೇ ಕೆಳಗೆ ಬಿಟ್ಟವಂತೆ. ಅಪ್ಪನ ಸಾಲು ಅಂತ ಅವಳು ನರ್ಸಮ್ಮನಿಗೆ ಹೇಳಿದಳಂತೆ. ಇದನ್ನು ಬರೆಯುವಾಗ ನನಗೆ ಅಳು ಬಂದಿದೆ, ಬಂದಿಲ್ಲ ಅಂತ ಬರೆಯುವುದಿಲ್ಲ.

ನಿಮ್ಮ ಕಡೆಯದೂ ಗೊತ್ತು. ನಿಮ್ಮ ಬಾಸು ಓಡಿ ಬಂದು ಯಾರನ್ನು ಕೇಳಿ ಹಾಕಿದೆ ಅಂತ ಕೂಗಾಡಿದನಂತೆ. ನೀವು ಕೀಬೋರ್ಡನ್ನು ಎದೆಗೆ ಅವುಚಿಕೊಂಡು ಕೂತಿರಂತೆ. ಈ ವಯಸ್ಸಿನಲ್ಲಿ, ಆ ಬೆನ್ನು ನೋವು ಇಟ್ಟುಕೊಂಡು. ಅದನ್ನು ನಾನು ನೋಡಬೇಕಿತ್ತು.

ಇತ್ತ ಸೇತುವೆಯ ಕೆಳಗೆ ಏನು ನಡೆದಿತ್ತು ಕೇಳಿ. ನಾನು ಬೆಳಿಗ್ಗೆ ಓದಿ ಹೋದ ಮೇಲೆ ಮೂವರು ಪೇಂಟರುಗಳು ಬಂದಿದ್ದಾರೆ, ನಡುಗಂಬದ ತುಕ್ಕು ಕೆರೆಯಲು. ಕೆರೆಯುವಾಗ ಕೆಳಗಿನಿಂದ ಮೇಲಕ್ಕೆ, ಬಣ್ಣ ಹೊಡೆಯುವಾಗ ಮೇಲಿನಿಂದ ಕೆಳಕ್ಕೆ, ಅದು ಅವರ ಕಸುಬಿನ ಪದ್ಧತಿ. ಹಗ್ಗದಲ್ಲಿ ಅಗಲವಾದ ಹಲಗೆ ಕಟ್ಟಿಕೊಂಡು ನೀರಿನ ಹತ್ತಿರದಿಂದ ಶುರು ಮಾಡಿದ್ದಾರೆ. ಅರ್ಧ ಗಂಟೆ ಕೆರೆಯುವುದು, ಹಲಗೆಯನ್ನು ಒಂದು ಮೊಳ ಮೇಲೆ ಎಳೆಯುವುದು. ಹಲಗೆ ನೇತಾಡುತ್ತಿದ್ದದ್ದು ಸರಿಯಾಗಿ ಪೆಟ್ಟಿಗೆರಾಯನ ಮೂಗಿನ ಕೆಳಗೆ. ಅವನ ಕಿರಣಕ್ಕೆ ಮೊದಲು ಸಿಕ್ಕಿದ್ದು ಹಲಗೆ. ಹಲಗೆ ಏರಿದ ಹಾಗೆ ಹೊಳೆ ಏರಿತು ಅಂತ ಅವನು ಊರಿಗೆಲ್ಲ ಹೇಳಿದ. ಊರು ಸೈರನ್ ಹಾಕಿತು. ಸೈರನ್ ಪೇಂಟರುಗಳಿಗೂ ಕೇಳಿತು. ಪ್ರವಾಹ ಬರುತ್ತಿದೆ ಅಂತ ಅವರು ಜೀವ ಉಳಿಸಿಕೊಳ್ಳಲು ಹಲಗೆಯನ್ನು ಸರಸರ ಮೇಲೆ ಎಳೆದರು. ಅವರು ಎಳೆದಷ್ಟೂ ನೀರು ಏರಿತು, ನೀರು ಏರಿದಷ್ಟೂ ಸೈರನ್ ಜೋರಾಯಿತು, ಸೈರನ್ ಜೋರಾದಷ್ಟೂ ಅವರು ಎಳೆದರು. ತನ್ನ ನೆರಳಿಗೆ ತಾನೇ ಬೊಗಳುವ ನಾಯಿಯ ಹಾಗೆ ಊರೆಲ್ಲ ಒಂದು ಹಲಗೆಗೆ ಬೊಗಳುತ್ತಿತ್ತು.

ನಾನು ಗೇಟಿನ ಬೀಗ ತೆಗೆದು ಇಳಿದು ನೋಡಿದರೆ ಮೂವರೂ ಸೇತುವೆಯ ಹೊಟ್ಟೆಗೆ ಬಾವಲಿಗಳ ಹಾಗೆ ಅಂಟಿಕೊಂಡಿದ್ದಾರೆ, ಕಾಲು ಮಡಿಸಿ. ಕೆಳಗೆ ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿದೆ. ಅವರ ಮೇಸ್ತ್ರಿ ಮೇಲಿನಿಂದಲೇ ಅಮ್ಮಾ ಪ್ರವಾಹ ಎಲ್ಲಿಯವರೆಗೆ ಬಂತು ಅಂತ ಕೇಳಿದ. ಪ್ರವಾಹ ನೀವೇ ಕಣಪ್ಪಾ, ಸ್ವಲ್ಪ ಪಕ್ಕಕ್ಕೆ ಸರಿಯಿರಿ ಅಂದೆ. ಅವನಿಗೆ ಅರ್ಥವಾಗಲು ಎರಡು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ನಗು ಬಂದು ಹಲಗೆಯಿಂದ ಬೀಳುವುದೊಂದು ಬಾಕಿ. ಹಗ್ಗ ಸಡಿಲಿಸಿ ಹಲಗೆಯನ್ನು ಕಂಬದ ಆಚೆ ಬದಿಗೆ ತೂಗಿಬಿಟ್ಟರು. ನನ್ನ ಕೈಯಲ್ಲಿದ್ದ ಫೋನಿನಲ್ಲಿ ಐದು ತೊಂಬತ್ತೆರಡು ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಚಿಲ್ಲರೆಗೆ ಬಂತು. ಊರಿನವರ ಫೋನುಗಳಲ್ಲೆಲ್ಲ ಬಂತು. ಸೈರನ್ ಅರ್ಧ ಕೂಗಿನಲ್ಲಿ ನಿಂತಿತು.

ಬೇರೆ ಚಾನೆಲ್ಲಿನವರಿಗೆ ಮಾತ್ರ ನಿಲ್ಲಿಸಲು ಮನಸ್ಸು ಬರಲಿಲ್ಲ. ಒಂದರಲ್ಲಿ ನದಿ ನಾಪತ್ತೆ ಅಂತ ಹಾಕಿದರು. ಇನ್ನೊಂದರಲ್ಲಿ ನೀರನ್ನು ನುಂಗಿದ್ದು ಯಾರು ಅಂತ ನಾಲ್ವರು ಪಂಡಿತರು ಕೂತು ವಾದ ಮಾಡಿದರು. ಅಷ್ಟರಲ್ಲಿ ಮೇಸ್ತ್ರಿ ತನ್ನ ಹಲಗೆಯ ಫೋಟೋ ತೆಗೆದು ಎಲ್ಲರಿಗೂ ಕಳಿಸಿಬಿಟ್ಟಿದ್ದ. ಒಂದೂವರೆಯ ಹೊತ್ತಿಗೆ ನಿಮ್ಮ ಬಾಸು ಬೈದ ಬಾಯಲ್ಲೇ, ನಿಜ ಮೊದಲು ಹೇಳಿದ್ದು ನಾವೇ ಅಂತ ದೊಡ್ಡ ಅಕ್ಷರದಲ್ಲಿ ಹಾಕಿಸಿದನಂತೆ. ಹಾಕಿಕೊಳ್ಳಲಿ ಬಿಡಿ. ಅವನಿಗೆ ದಕ್ಕುವುದು ಅಷ್ಟೇ.

ಅದಾದ ಹದಿನಾರನೇ ದಿನ, ಹಗಲು ಹೊತ್ತಿನಲ್ಲಿ, ತಯಾರಾಗಿ, ಎರಡು ಬಾಟಲಿ ರಕ್ತ ಪಕ್ಕದಲ್ಲಿಟ್ಟುಕೊಂಡು, ಡಾಕ್ಟರಮ್ಮ ಮೊಮ್ಮಗಳನ್ನು ಹೊರಗೆ ತೆಗೆದರು. ಆ ಎರಡೂ ಬಾಟಲಿ ಬೇಕಾದವು. ರಸ್ತೆಯಲ್ಲಾಗಿದ್ದರೆ ಅಂತ ಡಾಕ್ಟರಮ್ಮ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು.

ಇನ್ನೆರಡು ಸುದ್ದಿ. ಕೊಡೆ ರಿಪೇರಿಯವನನ್ನು ಆ ದಿನ ಅವನ ಮಗಳು ಅಳಿಯ ಸೇರಿ ಕುರ್ಚಿ ಸಮೇತ ಎತ್ತಿಕೊಂಡು ಹೊರಟಿದ್ದರಂತೆ, ಬಾಗಿಲಲ್ಲೇ ನಿಮ್ಮ ಸಾಲು ಕಂಡು ಕೆಳಗಿಳಿಸಿದರಂತೆ. ತಡವಾದರೂ ತಿದ್ದುಪಡಿ ಬಂತು ಅಂತ ಹೇಳು ಅಂತ ನನಗೆ ಹೇಳಿಕಳಿಸಿದ್ದಾನೆ. ನಿಮಗೆ ತಲುಪಿಸಿದ್ದೇನೆ.

ಎರಡನೆಯದು, ನನ್ನನ್ನು ಮತ್ತೆ ಕರೆದಿದ್ದಾರೆ. ಪೆಟ್ಟಿಗೆರಾಯನೂ ಇರುತ್ತಾನೆ, ಪಕ್ಕದಲ್ಲಿ ನನ್ನ ಕಣ್ಣೂ ಇರುತ್ತದೆ, ಎರಡೂ ಹೊಂದದೆ ಸೈರನ್ ಹಾಕಕೂಡದು ಅಂತ ಆದೇಶವಾಗಿದೆ. ಅಚ್ಚು ಹಾಕಿದ ಪುಸ್ತಕ, ಹೊಸ ಕುರ್ಚಿ, ಎಲ್ಲ ಬಂತು. ಬೀಗದ ಕೈ ಕೊಡಲು ಬಂದ ಗುಮಾಸ್ತ ಅದು ಕಳೆದುಹೋಗಿದೆ ಅಂತ ತಲೆ ಕೆರೆದುಕೊಂಡ. ಚೀಲದಿಂದ ತೆಗೆದು ತೋರಿಸಿದೆ. ಟೈ ಕಟ್ಟಿದವನೂ ಹೋದ ವಾರ ಬಂದಿದ್ದ. ಅರವತ್ತನಾಲ್ಕು ಮೆಟ್ಟಿಲು ಇಳಿಸಿ ಅಳತೆಗಂಬ ಓದುವುದು ಹೇಗೆ ಅಂತ ಕಲಿಸಿದೆ. ಹತ್ತುವಾಗ ಮೂರು ಸಲ ಕೂತ, ಮೂರನೇ ಸಲ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡ. ಕೆಟ್ಟವನಲ್ಲ ಪಾಪ, ಅವನು ಅದುವರೆಗೆ ಹೊಳೆಯನ್ನು ಇಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲವಂತೆ.

ಮಗಳು ಅಳಿಯ ಭಾನುವಾರ ಮಗುವಿನೊಂದಿಗೆ ಇಲ್ಲಿಗೆ ಬರುತ್ತಾರೆ. ನಾನು ಆ ದಿನ ಎಲ್ಲಿಗೂ ಹೊರಡುವುದಿಲ್ಲ. ನೀವು ಬಂದರೆ ಊಟಕ್ಕೆ ನಾಲ್ಕು ತಟ್ಟೆ. ಮೆಟ್ಟಿಲು ಇಳಿಯಬೇಕೆಂದರೆ ಎಡಗಡೆ ಕಂಬಿ ಹಿಡಿದುಕೊಳ್ಳಿ, ಬಲಗಡೆಯದು ಅಲುಗಾಡುತ್ತದೆ.

ಇಂತಿ,
ಅಳತೆಗಂಬದವಳು

ತಾ. ಕ.: ರೀ, ಇಷ್ಟನ್ನೂ ಮಡಿಸಿ ಲಕೋಟೆಗೆ ಹಾಕಿ, ಅಂಟಿಸಿ, ಮತ್ತೆ ಹರಿದು ತೆಗೆದಿದ್ದೇನೆ. ನಾನು ಫೋನ್ ಮಾಡಿದಾಗ ಅಳತೆಗಂಬದ ಪಕ್ಕ ಇರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲಿದ್ದೆ. ನೀವು ಕೇಳಿದ ಗಾಲಿಗಳು ಸ್ಟ್ರೆಚರಿನವು. ಸೇತುವೆ ಆಗಲೇ ಬಂದ್ ಆಗಿತ್ತು, ನಿಮ್ಮ ಸಾಲಿನಲ್ಲೇ ಬಂದಿತ್ತು, ಅದರ ಮೇಲೆ ಗಾಡಿ ಎಲ್ಲಿಂದ ಬರಬೇಕು. ಹೋಗಿ ನೋಡಿ ಹೇಳುವಷ್ಟರಲ್ಲಿ ಮಗಳು ಆಂಬುಲೆನ್ಸಿನಲ್ಲಿ ಇರುತ್ತಿದ್ದಳು. ಎರಡು ಮೀಟರ್ ಮೂವತ್ತು ಬೆಳಿಗ್ಗೆಯ ಅಂಕಿ. ನೋಡದೆ ಒಂದಂಕಿಯನ್ನೂ ಬಾಯಿಬಿಡದವಳು ಮೊದಲು ಸುದ್ದಿ ಕೊಟ್ಟೆ, ಆಮೇಲೆ ನೋಡಲು ಓಡಿದೆ. ಆ ಇಪ್ಪತ್ತು ನಿಮಿಷವೂ ಎರಡು ಮೂವತ್ತೇ ಇರಲಿ ಅಂತ ಹೊಳೆಯನ್ನು ಬೇಡಿಕೊಂಡೆ. ಟೈ ಕಟ್ಟಿದವನ ಮಾತು ನಿಜವೇ ಆಯಿತು. ಪೆಟ್ಟಿಗೆರಾಯ ತನಗೆ ಕಂಡದ್ದನ್ನೇ ಹೇಳಿದ್ದ, ಆ ದಿನ ಊರಿನಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದವಳು ನಾನು.

ಅಲ್ಲಿ ಹೋಗಿ ಓದಿದಾಗ ಇದ್ದದ್ದು ಎರಡು ಮೀಟರ್ ಮೂವತ್ತೆರಡು. ನಿಮ್ಮ ಸಾಲಿನಲ್ಲಿ ಎರಡು ಸೆಂಟಿಮೀಟರ್ ತಪ್ಪಿದೆ, ತಪ್ಪು ನನ್ನದು. ದಯವಿಟ್ಟು ತಿದ್ದುಪಡಿ ಹಾಕಿ.

ಗಾಲಿ ಸದ್ದು ಕೇಳಿ ಒಂದು ಕ್ಷಣ ಸುಮ್ಮನಾದಿರಲ್ಲ, ಆಗಲೇ ನಿಮಗೆ ಗೊತ್ತಾಗಿತ್ತಾ? ಗೊತ್ತಿದ್ದೂ ಹಾಕಿದಿರಾ? ಉತ್ತರ ಫೋನಿನಲ್ಲಿ ಬೇಡ. ಭಾನುವಾರ ಬಂದು ಹೇಳಿ.